ಸಿನಿಮಾದಿಂದ ಪೋಕರ್ ಮೇಜಿಗೆ: ಮಾಂಡವಿ ನದಿಯ ಮೇಲಿನ ಕಗ್ಗಂಟು

ಪಣಜಿ, ಮಡಗಾಂವ್, ವಾಸ್ಕೋಗಳಲ್ಲಿ ನೆಲೆಸಿದ ಕನ್ನಡಿಗರ ನಡುವೆ ಪಣವಿಟ್ಟು ಆಡುವ ಇಸ್ಪೀಟಿನಾಟವಾದ ಪೋಕರ್‌ನ ಮಾತು ಬಂದರೆ ಎರಡು ಪ್ರಶ್ನೆ ಒಟ್ಟಿಗೇ ಏಳುತ್ತವೆ. ಸಿನಿಮಾದವರು ಇಸ್ಪೀಟು ಟೂರ್ನಿ ಆಡಿ ಹೆಸರು ಮಾಡುವುದು ಹೇಗೆ? ಇದು ಜೂಜೇ ಆಗಿದ್ದರೆ ರಾಜಾರೋಷವಾಗಿ ನಡೆಯುವುದು ಹೇಗೆ? ಮೊದಲನೆಯದಕ್ಕೆ ಟೂರ್ನಿಯ ನಿಯಮಗಳಲ್ಲೇ ಉತ್ತರವಿದೆ. ಎರಡನೆಯದು ವರ್ಷದಿಂದ ವರ್ಷಕ್ಕೆ ಗೋಜಲಾಗುತ್ತ ಬಂದಿದೆ.

ಬ್ರಿಟಿಷರ 1867ರ ಜೂಜು ಕಾಯ್ದೆ ಕೌಶಲದ ಆಟಗಳನ್ನು ಹೊರಗಿಟ್ಟಿತು, 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಆ ಸಾಲಿಗೆ ಸೇರಿಸಿತು, ಗೋವಾ ತನ್ನ 1976ರ ಕಾಯ್ದೆಗೆ 1992ರಲ್ಲಿ ಪಂಚತಾರಾ ಹೋಟೆಲುಗಳ ಸ್ಲಾಟ್ ಯಂತ್ರದಾಟವನ್ನೂ 1996ರಲ್ಲಿ ಹಡಗಿನ ಮೇಲಿನ ಮೇಜಿನಾಟವನ್ನೂ ಸೇರಿಸಿಕೊಂಡಿತು. ಪಣಜಿಯ ದಡದಲ್ಲಿ ಕ್ಯಾಸಿನೊ ಹಡಗುಗಳು ಸಾಲುಗಟ್ಟಿದ್ದು ಆಮೇಲಿನ ಮಾತು. ಅವನ್ನು ಮಾಂಡವಿಯಿಂದ ಆಚೆ ಸಾಗಿಸುವ ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಗಿದೆ.

ಬಣ್ಣದ ಲೋಕದವರು ಈ ಆಟಕ್ಕೆ ಬಂದ ದಾರಿ ಶುರುವಾಗುವುದು ಅಮೆರಿಕದಲ್ಲಿ. ಮೇಜಿನ ಅಂಚಿಗೆ ಪುಟ್ಟ ಕ್ಯಾಮೆರಾ ಇಟ್ಟು ಆಟಗಾರರ ಗುಟ್ಟಿನ ಎಲೆಗಳನ್ನು ಟೀವಿಯಲ್ಲಿ ತೋರಿಸತೊಡಗಿದ ಮೇಲೆ ಪೋಕರ್ ನೋಡುವ ಆಟವಾಯಿತು. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಿಗ ಆನ್‌ಲೈನ್ ಅರ್ಹತಾ ಸುತ್ತಿನಿಂದ ಮೇಲೆ ಬಂದು ಪೋಕರ್‌ನ ವಿಶ್ವ ಸರಣಿಯ (ವರ್ಲ್ಡ್ ಸೀರೀಸ್ ಆಫ್ ಪೋಕರ್) ಮುಖ್ಯ ಟೂರ್ನಿಯಲ್ಲಿ 25 ಲಕ್ಷ ಡಾಲರ್ ಗೆದ್ದರು. 2004ರಲ್ಲಿ ನಟ ಬೆನ್ ಅಫ್ಲೆಕ್ ಕ್ಯಾಲಿಫೋರ್ನಿಯಾ ರಾಜ್ಯ ಚಾಂಪಿಯನ್‌ಷಿಪ್ ಗೆದ್ದರು. ಮರುವರ್ಷ, ಆಸ್ಕರ್‌ಗೆ ನಾಮನಿರ್ದೇಶನಗೊಂಡಿದ್ದ ನಟಿ ಜೆನಿಫರ್ ಟಿಲಿ ವಿಶ್ವ ಸರಣಿಯ ಮಹಿಳಾ ಟೂರ್ನಿಯಲ್ಲಿ 600ಕ್ಕೂ ಹೆಚ್ಚು ಸ್ಪರ್ಧಿಗಳ ನಡುವೆ ಗೆದ್ದು, 1.58 ಲಕ್ಷ ಡಾಲರ್‌ನೊಂದಿಗೆ ಚಾಂಪಿಯನ್ನರ ಕೈಗಡಗವನ್ನೂ ಪಡೆದರು. ಅದೃಷ್ಟ ಎಂದವರಿಗೆ ಅವರ ಉತ್ತರ ಆಟವೇ ಆಗಿತ್ತು: ನಂತರದ ವರ್ಷಗಳಲ್ಲೂ ಅವರು ಮತ್ತೆ ಮತ್ತೆ ಮೇಜಿಗೆ ಬಂದರು. ನಮ್ಮಲ್ಲಿ 2005ರಲ್ಲಿ ಹಿಂದಿ ಚಿತ್ರರಂಗಕ್ಕೆ ಬಂದ ಮಿನಿಷಾ ಲಾಂಬಾ ಹೀಗೆಯೇ ಟೂರ್ನಿ ಆಟಗಾರ್ತಿಯಾದರು.

ಟೂರ್ನಿ ನಡೆಯುವ ಬಗೆ ತಿಳಿಯದೆ ಇವರ ಏಳಿಗೆ ಅರ್ಥವಾಗದು. ಆಟಗಾರ ಒಂದು ಪ್ರವೇಶ ಶುಲ್ಕ ಕಟ್ಟುತ್ತಾನೆ. ಆಟಗಾರರ ಬಾಯಲ್ಲಿ ಅದು ಬೈ-ಇನ್. ಬದಲಿಗೆ ಸಿಗುವ ಚಿಪ್ಪುಗಳಿಗೆ, ಅಂದರೆ ಪಣಕ್ಕಿಡುವ ಬಿಲ್ಲೆಗಳಿಗೆ, ಹೊರಗೆ ಕಾಸಿನ ಬೆಲೆಯಿಲ್ಲ. ಎಲ್ಲ ಕಳೆದುಕೊಂಡರೂ ನಷ್ಟ ಆ ಶುಲ್ಕದಷ್ಟೇ. ಪ್ರತಿ ಕೈಗೂ, ಅಂದರೆ ಎಲೆ ಹಂಚಿದ ಪ್ರತಿ ಸುತ್ತಿಗೂ, ಸರದಿಯಂತೆ ಕಡ್ಡಾಯವಾಗಿ ಇಡಬೇಕಾದ ಪಣವಾದ ಬ್ಲೈಂಡ್ ನಿಗದಿತ ಹೊತ್ತಿಗೊಮ್ಮೆ ಏರುತ್ತದೆ; ಹಾಗಾಗಿ ಸುಮ್ಮನೆ ಕೂತವನ ಚಿಪ್ಪುಗಳೂ ಕರಗುತ್ತವೆ. ಹೆಚ್ಚೂಕಡಿಮೆ ಹತ್ತರಲ್ಲಿ ಒಬ್ಬರಿಗೆ ಬಹುಮಾನ; ಅದರ ಹೊಸ್ತಿಲಲ್ಲಿ ಹೊರಬೀಳುವುದಕ್ಕೆ ‘ಬಬಲ್’ ಎನ್ನುತ್ತಾರೆ. ದಿನವಿಡೀ ಆಡಿದವನು ಅಲ್ಲಿ ಬರಿಗೈಯಲ್ಲಿ ಏಳುವುದು ಸಾಮಾನ್ಯ. ಆಟಗಾರನಿಗೆ ಸಿಗುವ ಎರಡು ಗುಟ್ಟಿನ ಎಲೆಗಳೂ ಎಕ್ಕವಾಗುವುದು, ಅಂದರೆ ಅತಿ ದೊಡ್ಡ ಜೋಡಿ ಬರುವುದು, ಸರಾಸರಿ 221 ಕೈಗೊಮ್ಮೆ. ಬಂದರೂ, ಆಮೇಲೆ ಮೇಜಿನ ಮೇಲೆ ತೆರೆಯುವ ಎಲೆಗಳಿಂದಾಗಿ, ಎದುರಾಳಿಯ ಎರಡು ರಾಜರ ಮುಂದೆ ಅವು ನೂರರಲ್ಲಿ ಸುಮಾರು 18 ಸಲ ಸೋಲುತ್ತವೆ. ಒಂದು ರಾತ್ರಿಯಲ್ಲಿ ಅದೃಷ್ಟದ್ದೇ ಕಾರುಬಾರು, ನೂರಾರು ಟೂರ್ನಿಗಳ ಲೆಕ್ಕದಲ್ಲಿ ಕೌಶಲದ್ದು. ಇದರ ಪಕ್ಕದ ಮೇಜಿನಲ್ಲೇ ನಡೆಯುವ ಕ್ಯಾಷ್ ಗೇಮ್‌ನಲ್ಲಿ ಚಿಪ್ಪೇ ಹಣ. ಜೇಬಿಗೆ ಮತ್ತೆ ಮತ್ತೆ ಕೈ ಹಾಕುವುದನ್ನು ತಡೆಯುವ ನಿಯಮವಿಲ್ಲ. ಈ ಎರಡಕ್ಕೂ ಪೋಕರ್ ಎಂಬ ಒಂದೇ ಹೆಸರು ಇರುವುದರಿಂದ ಎಷ್ಟು ಮನೆಗಳು ಮೋಸಹೋಗಿವೆಯೋ.

ನಟನಟಿಯರಿಗೆ ಇಲ್ಲಿ ಕೆಲವು ಅನುಕೂಲಗಳಿವೆ. ಮುಖದ ಮೇಲಿನ ಹಿಡಿತ ಅವರ ಕಸುಬಿನ ಭಾಗ. ಒಂದು ಶಾಟ್‌ಗಾಗಿ ಇಡೀ ದಿನ ಕಾಯುವ ತಾಳ್ಮೆ, ಬಂದರೆ ದೊಡ್ಡ ಸಂಭಾವನೆ ಇಲ್ಲದಿದ್ದರೆ ತಿಂಗಳುಗಟ್ಟಲೆ ಏನೂ ಇಲ್ಲ ಎಂಬ ಬದುಕಿನ ರೂಢಿ, ಇವೆರಡೂ ಟೂರ್ನಿಗೆ ಒಗ್ಗುತ್ತವೆ. ಎಲ್ಲಕ್ಕಿಂತ ದೊಡ್ಡದು, ಹತ್ತು ಟೂರ್ನಿ ಸೋತರೂ ಹನ್ನೊಂದನೆಯದಕ್ಕೆ ಶುಲ್ಕ ಕಟ್ಟುವ ಶಕ್ತಿ. ಟ್ರೋಫಿ ಹಿಡಿದ ಫೋಟೊದಲ್ಲಿ ಆ ಹತ್ತು ಸೋಲು ಕಾಣುವುದಿಲ್ಲ. ಚೋರ್ಲಾ ಘಾಟ್ ಇಳಿದು ಬೆಳಗಾವಿ, ಹುಬ್ಬಳ್ಳಿಯಿಂದ ಬರುವ ಹುಡುಗರು ನೋಡಿದ್ದು ಆ ಫೋಟೊ ಮಾತ್ರ.

ನ್ಯಾಯಾಲಯಗಳೂ ಒಂದೇ ಮಾತು ಹೇಳಿಲ್ಲ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಪೋಕರ್ ಅನ್ನು ಕೌಶಲದ ಆಟವೆಂದು ಪರಿಗಣಿಸಿತು. 2017ರಲ್ಲಿ ಗುಜರಾತ್ ಹೈಕೋರ್ಟ್ ಜೂಜಿನ ಸಾಲಿಗೆ ತಳ್ಳಿತು. ಆನ್‌ಲೈನ್ ಹಣದಾಟ ನಿಷೇಧಿಸಿ ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳು 2022ರ ಫೆಬ್ರುವರಿಯಲ್ಲಿ ಹೈಕೋರ್ಟಿನಲ್ಲಿ ಬಿದ್ದವು. ಆದಾಯ ತೆರಿಗೆಯಂತೂ ಇದನ್ನು ಲಾಟರಿಯ ಪಕ್ಕದಲ್ಲೇ ಕೂರಿಸಿದೆ: ಇಸ್ಪೀಟಿನ ಗೆಲುವಿಗೆ ಶೇ 30, ಅದನ್ನು ಗಳಿಸಲು ಮಾಡಿದ ಖರ್ಚಿಗೆ ರಿಯಾಯಿತಿಯಿಲ್ಲ. ವರ್ಷವಿಡೀ ಹತ್ತು ಕಡೆ ಶುಲ್ಕ ಕಟ್ಟಿ ಒಂದು ಕಡೆ ಗೆದ್ದ ವೃತ್ತಿಪರ ಆಟಗಾರ್ತಿಗೆ ಇದು ನ್ಯಾಯವಲ್ಲ. ಗೋವಾ 2020ರ ಫೆಬ್ರುವರಿಯಲ್ಲಿ ಸ್ಥಳೀಯರಿಗೆ ಕ್ಯಾಸಿನೊ ಪ್ರವೇಶ ನಿಷೇಧಿಸಿದ್ದರಿಂದ ಇನ್ನೊಂದು ಗಂಟು ಬಿತ್ತು. ದಶಕಗಳಿಂದ ಗೋವಾದವರೇ ಆಗಿಹೋದ ಕನ್ನಡಿಗರಿಗೆ ಬಾಗಿಲು ಮುಚ್ಚಿತು, ನಿನ್ನೆ ರಾತ್ರಿ ಬಸ್ಸು ಹತ್ತಿ ಬಂದ ಕನ್ನಡಿಗರಿಗೆ ತೆರೆದೇ ಇತ್ತು. ಮನೆ ಹಾಳಾಗುವುದನ್ನು ತಡೆಯುವ ಉದ್ದೇಶ ಒಳ್ಳೆಯದೇ, ಆದರೆ ಗಡಿಯಾಚೆಯ ಮನೆಗಳೂ ಮನೆಗಳೇ.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಹಣದಾಟವನ್ನೇ ನಿಷೇಧಿಸುವ ಕಾಯ್ದೆ ಅಂಗೀಕರಿಸಿತು. ದೊಡ್ಡ ಪೋಕರ್ ಆ್ಯಪ್‌ಗಳು ಹಣದ ಆಟ ನಿಲ್ಲಿಸಿದವು. ಮರುತಿಂಗಳು ಕ್ಯಾಸಿನೊ ಮೇಲಿನ ಜಿಎಸ್‌ಟಿ ಶೇ 28ರಿಂದ 40ಕ್ಕೇರಿತು. ಮೊಬೈಲಿನಲ್ಲಿ ಸಂಬಳ ಸುರಿಯುತ್ತಿದ್ದವರ ಮಟ್ಟಿಗೆ ಆ ನಿಷೇಧ ಬರಲೇಬೇಕಿತ್ತು. ಆದರೆ ಕಾಯ್ದೆ ಕ್ಯಾಷ್ ಗೇಮ್ ಯಾವುದು, ಟೂರ್ನಿ ಯಾವುದು ಎಂದು ಬಿಡಿಸಿ ನೋಡಲಿಲ್ಲ. ಸಣ್ಣ ಶುಲ್ಕದ ಆನ್‌ಲೈನ್ ಅರ್ಹತಾ ಸುತ್ತು ಗೆದ್ದು ದೊಡ್ಡ ಟೂರ್ನಿಗೆ ಬರುವ, ಮನಿಮೇಕರ್ ಹಿಡಿದ ದಾರಿ ಭಾರತದಲ್ಲಿ ಮುಚ್ಚಿದೆ. ಇನ್ನು ಗೋವಾದ ಟೂರ್ನಿ ಮೇಜಿಗೆ ಬರುವವರು ಪೂರ್ತಿ ಶುಲ್ಕವನ್ನೂ ಹೋಟೆಲ್ ಬಾಡಿಗೆಯನ್ನೂ ಕೈಯಿಂದ ಹಾಕಬಲ್ಲವರು. ಸಿನಿಮಾದಲ್ಲಿ ದುಡಿದು ಬಂದವರಿಗೆ ಅದು ಈಗಲೂ ಕಷ್ಟವಲ್ಲ.