ತೂತು ಮಾಡಿದ್ದು ಮಷೀನೇನಾ?

ಒಗೆದ ಬಟ್ಟೆಯಲ್ಲಿ ತೂತು ಕಂಡರೆ ಬೈಗುಳ ತಿನ್ನುವುದು ವಾಷಿಂಗ್ ಮಷೀನ್. ಹಾಕುವಾಗ ಸರಿ ಇತ್ತು, ತೆಗೆಯುವಾಗ ತೂತು. ಮಧ್ಯೆ ಬಟ್ಟೆಯನ್ನು ಮುಟ್ಟಿದ್ದು ಮಷೀನ್ ಒಂದೇ. ಲೆಕ್ಕ ಸರಿಯಾಗಿಯೇ ಇದೆ ಅಲ್ವಾ? ಆದರೆ ತೂತು ಕಾಣಿಸಿಕೊಂಡ ಜಾಗ ಬೇರೆ, ಹುಟ್ಟಿದ ಜಾಗ ಬೇರೆ ಆಗಿರುವುದು ಎಷ್ಟೋ ಸಲ ಉಂಟು. ನೂಲು ಒಂದು ವಾರದ ಹಿಂದೆಯೇ ಬಲ ಕಳೆದುಕೊಂಡಿರುತ್ತದೆ. ಮಷೀನ್ ಅದನ್ನು ಉದುರಿಸುತ್ತದೆ, ಅಷ್ಟೆ. ಹಾಗಾಗಿ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಬಟ್ಟೆಯನ್ನು ಬೆಳಕಿಗೆ ಹಿಡಿದು ತೂತನ್ನೇ ಸರಿಯಾಗಿ ನೋಡಿ. ಎಲ್ಲಿದೆ, ಅಂಚು ಹೇಗಿದೆ, ಬಟ್ಟೆ ಯಾವುದು? ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಹಾಸನ, ಚಿಕ್ಕಮಗಳೂರು ಕಡೆಯವರು ಈ ದೂರು ಹೇಳಿದರೆ ನಾನು ಕೇಳುವ ಮೊದಲ ಪ್ರಶ್ನೆ ಮಷೀನಿನದ್ದಲ್ಲ. ಮನೆಯಲ್ಲಿ ಯುಪಿಎಸ್ ಇದೆಯಾ, ಬ್ಯಾಟರಿಗೆ ನೀರು ಹಾಕುವವರು ಯಾರು ಎಂದು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಅದು ಯಾವಾಗ ಬರುತ್ತದೆ ಎಂದು ಹೇಳುವಂತಿಲ್ಲ. ಬ್ಯಾಟರಿ ಇಲ್ಲದೆ ಆಗುವುದಿಲ್ಲ. ಆ ಬ್ಯಾಟರಿಯೊಳಗಿನ ದ್ರವದಲ್ಲಿ ತೂಕದ ಲೆಕ್ಕಕ್ಕೆ ಸುಮಾರು ಮೂರನೇ ಒಂದು ಭಾಗ ಸಲ್ಫ್ಯೂರಿಕ್ ಆಸಿಡ್. ಮುಚ್ಚಳ ತಿರುಗಿಸಿ, ಡಿಸ್ಟಿಲ್ಡ್ ವಾಟರ್ ಸುರಿದು, ಕೈಯನ್ನು ಲುಂಗಿಗೆ ಒರೆಸಿಕೊಂಡರೆ ಸಾಕು, ಕೆಲಸ ಕೆಟ್ಟಿತು.

ಆದರೆ ಆ ಹೊತ್ತಿಗೆ ಏನೂ ಕಾಣುವುದಿಲ್ಲ. ಹನಿಯಲ್ಲಿದ್ದ ನೀರು ಆರಿಹೋಗುತ್ತದೆ, ಆಸಿಡ್ ಆರುವುದಿಲ್ಲ. ನೀರು ಕಡಿಮೆಯಾದಷ್ಟೂ ಅದು ಗಾಢವಾಗುತ್ತದೆ. ಹತ್ತಿಯ ಎಳೆ ಎಂದರೆ ಸೆಲ್ಯುಲೋಸ್. ಸಾವಿರಾರು ಗ್ಲೂಕೋಸ್ ಘಟಕಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುವ ಉದ್ದನೆಯ ಸರಪಳಿ ಅದು. ಆಸಿಡ್ ಆ ಕೊಂಡಿಗಳನ್ನು ಒಂದೊಂದಾಗಿ ಕಡಿಯುತ್ತದೆ. ಕಡಿದ ಮೇಲೂ ನೂಲು ನೋಡುವುದಕ್ಕೆ ಹಾಗೇ ಇರುತ್ತದೆ. ಬಲ ಮಾತ್ರ ಇರುವುದಿಲ್ಲ. ಮಷೀನಿಗೆ ಬಿದ್ದು ನಾಲ್ಕು ಸುತ್ತು ತಿರುಗಿದಾಗ ಆ ಜಾಗ ಪುಡಿಯಾಗಿ ನೀರಿನ ಜೊತೆ ಹೋಗುತ್ತದೆ. ಹೊರಗೆ ತೆಗೆದರೆ ದುಂಡು ದುಂಡಾದ ತೂತುಗಳ ಒಂದು ಗುಂಪು. ಅಂಚಿನ ನೂಲನ್ನು ಉಗುರಿನಲ್ಲಿ ಮೀಟಿದರೆ ಅದೂ ಉದುರುತ್ತದೆ.

ಟೆರಿಕಾಟ್ ಅಂಗಿಯಾದರೆ ಗುರುತು ಇನ್ನೂ ಚೆನ್ನಾಗಿ ಸಿಗುತ್ತದೆ. ಅದರಲ್ಲಿ ಹತ್ತಿಯ ಜೊತೆ ಪಾಲಿಯೆಸ್ಟರ್ ಇರುತ್ತದೆ. ಪಾಲಿಯೆಸ್ಟರ್‌ಗೆ ಇಂಥ ಆಸಿಡ್ ಹೆಚ್ಚೇನೂ ಮಾಡುವುದಿಲ್ಲ. ಹತ್ತಿ ಕರಗಿ ಹೋಗಿ ಪಾಲಿಯೆಸ್ಟರ್ ಎಳೆಗಳು ಮಾತ್ರ ತೆಳ್ಳಗೆ, ಆಚೆ ಕಾಣುವ ಹಾಗೆ ಉಳಿಯುತ್ತವೆ. ಯಾವ ಮಷೀನೂ ಹೀಗೆ ಹತ್ತಿಯನ್ನು ಆರಿಸಿ ಆರಿಸಿ ಕಿತ್ತುಹಾಕಲಾರದು. ಬಟ್ಟೆ ತಯಾರಿಸುವವರು ಇದೇ ಗುಣವನ್ನು ಬಳಸಿಕೊಂಡು, ಬೇಕೆಂದೇ ಹತ್ತಿಯನ್ನು ಅಲ್ಲಲ್ಲಿ ಸುಟ್ಟು, ಹೂಬಳ್ಳಿಯ ಡಿಸೈನ್ ಮೂಡಿಸುವುದೂ ಇದೆ. ಹನಿ ಬಿದ್ದದ್ದು ಗೊತ್ತಾದರೆ ಆಗಲೇ ಧಾರಾಳ ನೀರಿನಲ್ಲಿ ತೊಳೆಯಿರಿ, ಆಮೇಲೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಅದ್ದಿ. ಸಂಜೆ ನೋಡೋಣ ಎಂದರೆ ಅಂಗಿ ಉಳಿಯುವುದಿಲ್ಲ.

ನೈಟಿಯ, ಸೀರೆಯ ಕೆಳ ಅಂಚಿನಲ್ಲೇ ತೂತು ಬೀಳುತ್ತಿದ್ದರೆ ಬಚ್ಚಲಿನ ಕಡೆ ನೋಡಿ. ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಸಾಮಾನ್ಯವಾಗಿ ಸುಮಾರು 10% ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ. ಬ್ರಷ್ ಉಜ್ಜುವಾಗ ಸಿಡಿಯುವುದು ಪಾದದ ಹತ್ತಿರ. ಟೀಶರ್ಟಿನ ಹೊಟ್ಟೆಯ ಭಾಗದಲ್ಲಿ, ಹೊಕ್ಕುಳಿನ ಆಸುಪಾಸಿನಲ್ಲಿ ಸಾಸಿವೆ ಕಾಳಿನಷ್ಟು ತೂತುಗಳಿದ್ದರೆ ಅದು ಉಜ್ಜಾಟದ್ದು. ಒಳಗಡೆ ಪ್ಯಾಂಟಿನ ಗುಂಡಿ ಅಥವಾ ಬೆಲ್ಟಿನ ಬಕಲ್, ಹೊರಗಡೆ ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಅಂಚು. ನಡುವೆ ಸಿಕ್ಕಿದ ತೆಳು ಬಟ್ಟೆ ದಿನಾ ಸವೆಯುತ್ತದೆ. ಮಷೀನ್ ತಪ್ಪು ಮಾಡುವುದಾದರೆ ಬೆನ್ನು, ತೋಳು ಎಂದು ನೋಡದೆ ಎಲ್ಲ ಕಡೆಯೂ ಮಾಡಬೇಕಿತ್ತು. ಪ್ರತಿ ಬಟ್ಟೆಯಲ್ಲೂ ಒಂದೇ ಜಾಗ ಹುಡುಕಿಕೊಂಡು ಹೋಗುವ ಬುದ್ಧಿ ಅದಕ್ಕಿಲ್ಲ.

ಮಲೆನಾಡಿನ ಮಳೆಗಾಲಕ್ಕೆ ಅದರದ್ದೇ ಆದ ಕಾಟ ಇದೆ. ಬಟ್ಟೆ ದಿನಗಟ್ಟಲೆ ಆರುವುದಿಲ್ಲ. ಅರೆ ಒದ್ದೆ ಬಟ್ಟೆ ಮೂಲೆಯಲ್ಲಿ ರಾಶಿ ಬಿದ್ದಿರುತ್ತದೆ, ಬೂಷ್ಟು ಹಿಡಿಯುತ್ತದೆ. ಕಪ್ಪು ಚುಕ್ಕೆ ಹೋಗುವುದಿಲ್ಲ ಎನ್ನುವುದೇ ಎಲ್ಲರ ಚಿಂತೆ. ನಿಜವಾದ ನಷ್ಟ ಬಣ್ಣದ್ದಲ್ಲ. ಕೆಲವು ಬೂಷ್ಟುಗಳು ಸೆಲ್ಯುಲೇಸ್ ಎಂಬ ಕಿಣ್ವವನ್ನು ಬಿಟ್ಟು ಹತ್ತಿಯನ್ನೇ ಸಕ್ಕರೆಯಾಗಿ ಒಡೆದು ತಿನ್ನುತ್ತವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೇನೆಗೆ ಇದೇ ತಲೆನೋವಾಗಿತ್ತು. ಅಲ್ಲಿನ ಮಳೆ, ಸೆಕೆಯಲ್ಲಿ ಹತ್ತಿಯ ಡೇರೆಗಳೂ ಬಟ್ಟೆಬರೆಯೂ ಕೊಳೆತು ಹರಿಯುತ್ತಿದ್ದವು. ಹಾಗೆ ಕೊಳೆತ ಬಟ್ಟೆಯಿಂದ ಬೇರ್ಪಡಿಸಿದ ಒಂದು ಶಿಲೀಂಧ್ರಕ್ಕೆ, ಅದನ್ನು ಅಧ್ಯಯನ ಮಾಡಿದ ಎಲ್ವಿನ್ ರೀಸ್ ಅವರ ಗೌರವಕ್ಕೆ, ಆಮೇಲೆ ಟ್ರೈಕೋಡರ್ಮಾ ರೀಸೈ ಎಂದು ಹೆಸರಾಯಿತು. ತಮಾಷೆ ಎಂದರೆ, ಡೇರೆ ತಿಂದ ಅದೇ ಶಿಲೀಂಧ್ರದ ಕಿಣ್ವಗಳನ್ನು ಈಗ ಜೀನ್ಸ್ ಬಟ್ಟೆಯನ್ನು ಮೆತ್ತಗೆ ಮಾಡುವುದಕ್ಕೆ ಬಳಸುತ್ತಾರೆ. ಬಟ್ಟೆಯ ಮೇಲೆ ಎದ್ದ ಜುಂಗು ಹೋಗಲಿ ಎಂದು ಕೆಲವು ಡಿಟರ್ಜೆಂಟ್‌ಗಳಲ್ಲೂ ಸೆಲ್ಯುಲೇಸ್ ಚೂರು ಇರುತ್ತದೆ. ರಾತ್ರಿ ಒಗೆದು ಮುಗಿದ ಬಟ್ಟೆಯನ್ನು ಬೆಳಗಿನ ತನಕ ಮಷೀನಿನಲ್ಲೇ ಬಿಡುವ ಅಭ್ಯಾಸ ಇರುವವರಿಗೆ ಜೂನ್ ತಿಂಗಳು ಒಳ್ಳೆಯದಲ್ಲ.

ಬೀರುವಿನೊಳಗೆ ಗಂಜಿ ಹಾಕಿದ ಬಟ್ಟೆಯನ್ನು ಮೇಯುವ ಸಿಲ್ವರ್‌ಫಿಶ್ ಹುಳ, ಉಣ್ಣೆ ರೇಷ್ಮೆ ತಿನ್ನುವ ಪತಂಗದ ಮರಿಹುಳ ಕೂಡ ಹೀಗೇ. ಅವು ಅರ್ಧ ಕೊರೆದು ಬಿಟ್ಟದ್ದು ಒಗೆದಾಗ ಪೂರ್ತಿಯಾಗುತ್ತದೆ.

ಈಗ ಬಟ್ಟೆಯ ವಿಷಯಕ್ಕೆ ಬರೋಣ. ಒಂದೇ ಸಲಕ್ಕೆ ಹಾಕಿದ ರಾಶಿಯಲ್ಲಿ ಅಪ್ಪನ ಹಳೆಯ ಪಂಚೆ ಗಟ್ಟಿಯಾಗಿ ಹೊರಬರುತ್ತದೆ, ಮಗಳ ಹೊಸ ಕುರ್ತಿ ಹೊಲಿಗೆಯ ಹತ್ತಿರ ಪಿಸಿದಿರುತ್ತದೆ. ಏಕೆ ಹೀಗೆ? ಕುರ್ತಿಯ ಲೇಬಲ್ ನೋಡಿ. ರೇಯಾನ್ ಅಥವಾ ವಿಸ್ಕೋಸ್ ಎಂದಿದ್ದರೆ ಕಾರಣ ಸಿಕ್ಕಿತು. ರೇಯಾನ್ ಕೂಡ ಸೆಲ್ಯುಲೋಸೇ. ಆದರೆ ಮರದ ತಿರುಳನ್ನು ಕರಗಿಸಿ ಮತ್ತೆ ಎಳೆ ತೆಗೆದದ್ದು. ಹಾಗೆ ಮಾಡುವಾಗ ಸರಪಳಿಗಳು ಗಿಡ್ಡವಾಗುತ್ತವೆ, ಹತ್ತಿಯಲ್ಲಿದ್ದಷ್ಟು ಒತ್ತಾಗಿಯೂ ಕೂರುವುದಿಲ್ಲ. ನೀರು ಸುಲಭವಾಗಿ ಸಂದಿಗೆ ನುಗ್ಗಿ ಅವುಗಳ ಹಿಡಿತ ಬಿಡಿಸುತ್ತದೆ. ಒದ್ದೆಯಾದಾಗ ರೇಯಾನಿನ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹತ್ತಿ ಇದಕ್ಕೆ ಉಲ್ಟಾ. ಒದ್ದೆಯಾದಾಗ ಅದರ ಬಲ ಸ್ವಲ್ಪ ಏರುತ್ತದೆ. ಹಿಂದಿನವರು ಹತ್ತಿ ಬಟ್ಟೆಯನ್ನು ಕಲ್ಲಿಗೆ ಬಡಿದು ಬಡಿದು ಒಗೆದರೂ ಅದು ತಾಳಿಕೊಂಡದ್ದಕ್ಕೆ ಇದೂ ಒಂದು ಕಾರಣ. ರೇಷ್ಮೆ, ಉಣ್ಣೆ ಎರಡೂ ಒದ್ದೆಯಲ್ಲಿ ಬಲ ಕಳೆದುಕೊಳ್ಳುತ್ತವೆ. ಅವು ಪ್ರೋಟೀನ್ ಎಳೆಗಳು ಬೇರೆ. ಊಟದ ಕಲೆ ತೆಗೆಯುವುದಕ್ಕೆ ಡಿಟರ್ಜೆಂಟ್‌ನಲ್ಲಿ ಹಾಕಿರುವ, ಪ್ರೋಟೀನನ್ನು ಒಡೆಯುವ ಪ್ರೋಟಿಯೇಸ್ ಕಿಣ್ವಕ್ಕೆ ಮೊಸರಿನ ಕಲೆಯೂ ರೇಷ್ಮೆ ಸೀರೆಯೂ ಒಂದೇ.

‘ಕೈಯಲ್ಲಿ ಒಗೆದಷ್ಟು ಮೃದು’ ಎಂದು ಮಷೀನ್ ಮಾರುವ ಅಂಗಡಿಯವರು ಹೇಳುವುದನ್ನು ಕೇಳಿದರೆ ನನಗೆ ನಗು ಬರುತ್ತದೆ. ನಮ್ಮಲ್ಲಿ ಕೈಯಲ್ಲಿ ಒಗೆಯುವುದು ಎಂದರೇನು ಎಂದು ಅವರು ನೋಡಿದಂತಿಲ್ಲ.

ಬ್ಲೀಚ್ ಇನ್ನೊಂದು. ಬಿಳಿ ಬಟ್ಟೆಗೆ ಹಾಕುವ ಸೋಡಿಯಂ ಹೈಪೋಕ್ಲೋರೈಟ್ ಕಲೆಯ ಜೊತೆಗೆ ಹತ್ತಿಯನ್ನೂ ಉತ್ಕರ್ಷಿಸಿ ಬಲ ಕೆಡಿಸುತ್ತದೆ. ನೀರು ಬೆರೆಸದೆ ನೇರವಾಗಿ ಸುರಿದ ಜಾಗ ಮುಂದಿನ ಒಗೆತಗಳಲ್ಲಿ ಹರಿಯುತ್ತದೆ. ಜೊತೆಗೆ ಕಬ್ಬಿಣ ಅಥವಾ ತಾಮ್ರ ಸೇರಿದರೆ ಕೇಳುವುದೇ ಬೇಡ. ಈ ಲೋಹಗಳು ಬ್ಲೀಚಿನ ಕೆಲಸವನ್ನು ಆ ಒಂದು ಚುಕ್ಕೆಯಲ್ಲೇ ಜೋರು ಮಾಡುತ್ತವೆ. ಬೋರ್ ನೀರಿನ ತುಕ್ಕಿನ ಕಲೆಗೆ ಬ್ಲೀಚ್ ಹಾಕಬಾರದು ಎನ್ನುವುದು ಇದಕ್ಕೇ. ನಮ್ಮ ಕಡೆ ಇನ್ನೂ ಒಂದು ಇದೆ. ಕಾಫಿಗೆ, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತ ತಾಮ್ರದ ಲವಣ. ಔಷಧಿ ಹೊಡೆದು ಬಂದವರ ಅಂಗಿಯನ್ನು ಹೇಗೂ ಬೇರೆಯಾಗಿ ಒಗೆಯಬೇಕು, ಅದಕ್ಕೆ ಬ್ಲೀಚ್ ಮುಟ್ಟಿಸಬೇಡಿ.

ಹಾಗಾದರೆ ಮಷೀನ್ ತಪ್ಪೇ ಮಾಡುವುದಿಲ್ಲವಾ? ಮಾಡುತ್ತದೆ. ಅದರ ಗುರುತು ಬೇರೆ. ಎಳೆ ಎದ್ದು ಕುಣಿಕೆಯಾಗಿರುತ್ತದೆ, ಬಟ್ಟೆ ಉದ್ದಕ್ಕೆ ಸೀಳಿರುತ್ತದೆ, ಅಂಚಿನ ನೂಲು ಜೂಲಾಗಿ ನಿಂತಿರುತ್ತದೆ. ನೂಲು ಗಟ್ಟಿಯಾಗಿಯೇ ಇರುತ್ತದೆ, ಯಾವುದೋ ಅದನ್ನು ಹಿಡಿದು ಜಗ್ಗಿದೆ. ಹಾಗೆ ಜಗ್ಗುವ ವಸ್ತು ಹೆಚ್ಚಾಗಿ ಇನ್ನೊಂದು ಬಟ್ಟೆಯದ್ದು. ಬ್ಲೌಸಿನ ಹುಕ್ಕು, ತೆರೆದ ಜಿಪ್ಪು, ಸೆರಗಿನಲ್ಲಿ ಮರೆತ ಪಿನ್ನು. ಹುಕ್ಕು ಹಾಕಿ, ಜಿಪ್ಪು ಎಳೆದು, ಒಳಲಂಗದ ಲಾಡಿ ಗಂಟು ಕಟ್ಟಿ, ಸೀರೆಯ ಕುಚ್ಚನ್ನು ಬಲೆಚೀಲಕ್ಕೆ ಹಾಕಿ ಬಿಟ್ಟರೆ ಅರ್ಧ ದೂರು ನಿಲ್ಲುತ್ತದೆ. ತೋಟದಿಂದ ಬಂದ ಬಟ್ಟೆಗೆ ಅಂಟಿದ ಉತ್ತರಾಣಿ ಬೀಜಗಳನ್ನೂ ಬಿಡಿಸಿ ಹಾಕಿ.

ಸ್ಪಿನ್ ಆಗುವಾಗ ಈ ಚಿಕ್ಕ ವಸ್ತುಗಳು ಚಿಕ್ಕವಾಗಿ ಉಳಿಯುವುದಿಲ್ಲ. ಅರ್ಧ ಮೀಟರ್ ಅಗಲದ ಡ್ರಮ್ ನಿಮಿಷಕ್ಕೆ 1200 ಸುತ್ತು ತಿರುಗಿದರೆ ಅದರ ಗೋಡೆಯ ಮೇಲೆ ಭೂಮಿಯ ಗುರುತ್ವದ ಸುಮಾರು 400 ಪಟ್ಟು ಒತ್ತಡ. ಜೇಬಿನಲ್ಲಿ ಉಳಿದ 6 ಗ್ರಾಂ ನಾಣ್ಯ ಎರಡೂ ಕಾಲು ಕೆಜಿಗಿಂತ ಜಾಸ್ತಿ ಭಾರದಿಂದ ಬಟ್ಟೆಯನ್ನು ಒತ್ತುತ್ತದೆ. 800 ಸುತ್ತಿಗೆ ಇಳಿಸಿದರೆ ಒತ್ತಡ 180 ಪಟ್ಟಿಗೆ ಬರುತ್ತದೆ. ವೇಗ ಮೂರನೇ ಒಂದು ಭಾಗ ಇಳಿದರೆ ಒತ್ತಡ ಅರ್ಧಕ್ಕಿಂತ ಕೆಳಗೆ. ಮಳೆಗಾಲದಲ್ಲಿ ಬೇಗ ಆರಲಿ ಎಂದು ಎಲ್ಲದಕ್ಕೂ ಜೋರು ಸ್ಪಿನ್ ಕೊಡುವುದು ನಮ್ಮ ಕಡೆಯ ರೂಢಿ. ಟವೆಲ್, ಜೀನ್ಸ್‌ಗೆ ಕೊಡಿ. ರೇಯಾನಿಗೆ ಬೇಡ.

ತುಂಬಿ ತುಳುಕಿಸುವುದೂ ತಪ್ಪೇ. ಟಾಪ್ ಲೋಡ್ ಮಷೀನಿನಲ್ಲಿ ಬಟ್ಟೆಗೆ ಮೇಲೆ ಕೆಳಗೆ ಹೊರಳಲು ಜಾಗ ಇಲ್ಲದಿದ್ದರೆ, ತಳದಲ್ಲಿದ್ದ ಬಟ್ಟೆ ಮಾತ್ರ ಪಲ್ಸೇಟರ್‌ಗೆ, ಅಂದರೆ ತಳದಲ್ಲಿ ತಿರುಗುವ ತಟ್ಟೆಗೆ, ಉಜ್ಜುತ್ತಲೇ ಇರುತ್ತದೆ. 1959ರಲ್ಲಿ ಹರ್ಬರ್ಟ್ ಸಿನ್ನರ್ ಎಂಬ ಜರ್ಮನ್ ರಸಾಯನ ತಜ್ಞ ಒಂದು ಸರಳ ಲೆಕ್ಕ ಕೊಟ್ಟಿದ್ದರು. ಕೊಳೆ ಹೋಗುವುದಕ್ಕೆ ಬೇಕಾದದ್ದು ನಾಲ್ಕು: ಸೋಪಿನ ರಸಾಯನ, ನೀರಿನ ಬಿಸಿ, ಸಮಯ, ಉಜ್ಜಾಟ. ಒಂದನ್ನು ಇಳಿಸಿದರೆ ಇನ್ನೊಂದನ್ನು ಏರಿಸಬೇಕು. ಬಟ್ಟೆ ಹರಿಯುವುದು ಉಜ್ಜಾಟದಿಂದ ಎಂದಾದರೆ ಅದನ್ನು ಇಳಿಸಿ, ಬದಲಿಗೆ ಅರ್ಧ ಗಂಟೆ ಸೋಪಿನ ನೀರಿನಲ್ಲಿ ನೆನೆಸಿ.

ಇಷ್ಟೆಲ್ಲ ಮಾಡಿದ ಮೇಲೂ ಎಳೆ ಏಳುತ್ತಿದ್ದರೆ ಮಷೀನಿನೊಳಗೆ ಹುಡುಕಬೇಕು. ಪ್ಲಗ್ ಕಿತ್ತು, ಹಳೆಯ ನೈಲಾನ್ ಕಾಲುಚೀಲವನ್ನು ಕೈಗೆ ಹಾಕಿಕೊಂಡು ಡ್ರಮ್ಮಿನ ಗೋಡೆ, ತೂತುಗಳ ಅಂಚು, ಪಲ್ಸೇಟರ್ ಮೇಲೆಲ್ಲ ಸವರಿ. ಬೆರಳಿಗೆ ತಿಳಿಯದ ಮುಳ್ಳು ನೈಲಾನಿಗೆ ಸಿಕ್ಕಿಕೊಳ್ಳುತ್ತದೆ. ಸ್ಟೀಲಿನ ಸಣ್ಣ ಮುಳ್ಳನ್ನು ನಯವಾದ ಎಮರಿ ಕಾಗದದಲ್ಲಿ ಉಜ್ಜಿ ಸರಿ ಮಾಡಬಹುದು. ಪಲ್ಸೇಟರ್ ಬಿರುಕು ಬಿಟ್ಟಿದ್ದರೆ ಹೊಸದನ್ನೇ ಹಾಕಿಸಿ, ಅಂಟಿಸುವುದು ದಂಡ. ಸೆಮಿ ಆಟೊಮ್ಯಾಟಿಕ್ ಆದರೆ ಸ್ಪಿನ್ ಟಬ್ಬಿನಲ್ಲಿ ಬಟ್ಟೆಯ ಮೇಲೆ ಇಡುವ ಪ್ಲಾಸ್ಟಿಕ್ ಜಾಲರಿಯನ್ನು ಇಡುತ್ತೀರಾ ಎಂದು ಕೇಳಿಕೊಳ್ಳಿ. ಇಡದಿದ್ದರೆ ಕರ್ಚೀಫು, ಕಾಲುಚೀಲ ಹಾರಿ ಸಂದಿಗೆ ಬಿದ್ದು ಕೆಳಗಿನ ಶಾಫ್ಟಿಗೆ ಸುತ್ತಿಕೊಳ್ಳುತ್ತವೆ.

ಫ್ರಂಟ್ ಲೋಡ್‌ನಲ್ಲಿ ಬಾಗಿಲಿನ ರಬ್ಬರಿನ ಮಡಿಕೆಯನ್ನು ಬಿಡಿಸಿ ನೋಡಿ. ಪಿನ್ನು, ನಾಣ್ಯ, ಒಳ ಉಡುಪಿನ ತಂತಿ ಕೂರುವುದು ಅಲ್ಲಿ. ಆಮೇಲೆ ಡ್ರಮ್ಮಿನ ಮೇಲಂಚು ಹಿಡಿದು ಎತ್ತಿ ನೋಡಿ. ಹೊರಗಿನ ಟಬ್ಬೂ ಜೊತೆಗೆ ಅಲ್ಲಾಡಿದರೆ ತೊಂದರೆ ಇಲ್ಲ, ಅದು ಸ್ಪ್ರಿಂಗಿನಿಂದ ತೂಗುತ್ತಿರುತ್ತದೆ. ಡ್ರಮ್ ಒಂದೇ ಲೊಡಲೊಡ ಎಂದರೆ ಬೇರಿಂಗ್ ಸವೆದಿದೆ. ಡ್ರಮ್ಮಿಗೂ ರಬ್ಬರಿಗೂ ನಡುವಿನ ಸಂದಿ ಒಂದು ಕಡೆ ಅಗಲವಾಗಿ ಬಟ್ಟೆ ಸಿಕ್ಕಿಕೊಳ್ಳುವುದು ಆಗಲೇ. ಬಟ್ಟೆಯ ಮೇಲೆ ಕಪ್ಪು ಗ್ರೀಸಿನ ಗೆರೆ ಬೀಳುವುದೂ ಇದರಿಂದ ಇರಬಹುದು. ಬೇರಿಂಗ್ ಬದಲಾಯಿಸಲು ಇಡೀ ಟಬ್ ಹೊರಗೆ ತೆಗೆಯಬೇಕು. ಕೆಲವು ಮಾಡೆಲ್‌ಗಳಲ್ಲಿ ಟಬ್ಬನ್ನು ಬಿಚ್ಚಲಾಗದ ಹಾಗೆ ಬೆಸೆದಿರುತ್ತಾರೆ. ಅಂಥದ್ದರಲ್ಲಿ ಟಬ್ಬನ್ನೇ ಹೊಸದು ಹಾಕಬೇಕಾಗುತ್ತದೆ. ನಿಮ್ಮದು ಯಾವ ಬಗೆಯದ್ದು, ಒಟ್ಟು ಖರ್ಚು ಎಷ್ಟು ಎಂದು ಬಿಚ್ಚುವ ಮೊದಲೇ ಕೇಳಿಕೊಳ್ಳಿ.