ರಾತ್ರಿ ಡ್ರೈವ್ ಒಳಗೆ ಯಾವ ಟೇಪ್ ಇದೆ?

ವಿಂಡೋಸ್ 2000, ಎಕ್ಸ್‌ಪಿ, ಸರ್ವರ್ 2003 ಕಾಲದಲ್ಲಿ ಬ್ಯಾಕಪ್‌ಗೆ ಎನ್‌ಟಿಬ್ಯಾಕಪ್ ಅನ್ನೋ ಪ್ರೋಗ್ರಾಂ ವಿಂಡೋಸ್ ಜೊತೆಗೇ ಬರ್ತಿತ್ತು, ಬೇರೆ ದುಡ್ಡು ಕೊಡ್ಬೇಕಾಗಿರ್ಲಿಲ್ಲ. ಬೇಕಾದ ಫೋಲ್ಡರ್‌ಗಳನ್ನ ಒಂದ್ಸಲ ಟಿಕ್ ಮಾಡಿ ಬಿಕೆಎಸ್ ಫೈಲ್ ಆಗಿ ಸೇವ್ ಮಾಡಿಟ್ಕೊಂಡು, ಬ್ಯಾಚ್ ಫೈಲಲ್ಲಿ (ಕಮಾಂಡ್‌ಗಳನ್ನ ತಾನಾಗೇ ಓಡಿಸೋ ಫೈಲ್) ಒಂದು ಸಾಲು ಕಮಾಂಡ್ ಬರೆದು, ರಾತ್ರಿ ಹೊತ್ತಿಗೆ ಶೆಡ್ಯೂಲ್ ಮಾಡಿದ್ರೆ ಆಯ್ತು. ಇದಿಷ್ಟೂ ಸುಲಭ, ಕಷ್ಟ ಶುರುವಾಗೋದು ಬ್ಯಾಕಪ್ ಬರೆಯೋ ಟೇಪ್ ಹತ್ರ.

ಯಾಕಂದ್ರೆ ಟೇಪು ಹಾರ್ಡ್ ಡಿಸ್ಕ್ ಥರ ಅಲ್ಲ. ಆಗ ಚೆನ್ನಾಗಿ ಓಡ್ತಿದ್ದ ಡಿಡಿಎಸ್-4 ಕ್ಯಾಸೆಟ್ ತಗೊಳ್ಳಿ, ಬೆರಳಿಗಿಂತ ತೆಳ್ಳಗಿನ, ಸುಮಾರು 4 ಮಿಲಿಮೀಟರ್ ಅಗಲದ ಪಟ್ಟಿ, 150 ಮೀಟರ್ ಉದ್ದ, ಕಂಪ್ರೆಸ್ ಮಾಡದೆ 20 ಜಿಬಿ ಹಿಡಿಯುತ್ತೆ. ಅದರಲ್ಲಿ ಮಧ್ಯದ ಒಂದು ಫೈಲ್ ತೆಗೆದು ಅಲ್ಲಿಗೆ ಬೇರೆ ಹಾಕೋಕಾಗಲ್ಲ, ಎಲ್ಲಿ ಬರೆದು ನಿಲ್ಲಿಸ್ತೀರೋ ಅಲ್ಲಿಗೆ ಡೇಟಾ ಮುಗೀತು ಅಂತ ಡ್ರೈವ್ ಗುರುತು ಹಾಕುತ್ತೆ, ಅದರಾಚೆ ಹಳೇದು ಏನಿದ್ರೂ ಮಾಮೂಲಿ ರೀತಿಲಿ ಓದೋಕೆ ಸಿಗಲ್ಲ. ಹಾಗಾಗಿ ದಾರಿ ಎರಡೇ: ಕಮಾಂಡಲ್ಲಿ ಸ್ಲಾಶ್ ಎ (/a) ಅನ್ನೋ ಆಯ್ಕೆ ಕೊಟ್ಟು ಹಿಂದಿನ ಬ್ಯಾಕಪ್ ಆದ್ಮೇಲೆ ಸೇರಿಸೋದು, ಇಲ್ಲಾ ಮೊದಲಿಂದ ಬರೆಯೋದು.

ಮೊದಲಿಂದ ಬರೆಯೋವಾಗ್ಲೇ ಹುಷಾರಾಗಿರ್ಬೇಕು. ಸ್ಲಾಶ್ ಟಿ ಜೊತೆ "ಮಂಗಳವಾರ" ಅಂತ ಟೇಪಿನ ಹೆಸರು ಕೊಟ್ಟಿದ್ದೀರಿ ಅಂದ್ಕೊಳ್ಳಿ. ಟೇಪ್ ಬದಲಾಯಿಸೋದು ಮರೆತು ಡ್ರೈವಲ್ಲಿ ಸೋಮವಾರದ್ದೇ ಉಳಿದಿದ್ರೆ ಕೆಲಸ ನಡೆಯಲ್ಲ, ಆ ರಾತ್ರಿ ಬ್ಯಾಕಪ್ ಇಲ್ಲ. ಈ ತಲೆನೋವೇ ಬೇಡ ಅಂತ ತುಂಬ ಜನ ಸ್ಲಾಶ್ ಯುಎಂ ಹಾಕ್ತಿದ್ರು, ಜೊತೆಗೆ ಸ್ಲಾಶ್ ಪಿ ಕೊಟ್ಟು ಮೀಡಿಯಾ ಪೂಲ್ (ಟೇಪ್‌ಗಳ ಗುಂಪು) ಹೆಸರು ಹೇಳ್ಬೇಕು, ಆಮೇಲೆ ಕೈಗೆ ಸಿಕ್ಕಿದ ಟೇಪನ್ನ ಫಾರ್ಮ್ಯಾಟ್ ಮಾಡಿ ಅದರ ಮೇಲೇ ಬರೆದುಬಿಡುತ್ತೆ. ನನಗಂತೂ ಸ್ಲಾಶ್ ಟಿ ಜೊತೆ ಹೆಸರು ಕೊಡೋ ದಾರಿನೇ ಸರಿ. ಒಂದು ರಾತ್ರಿ ತಪ್ಪಿಹೋದ್ರೆ ಬೆಳಗ್ಗೆ ಲಾಗ್ ನೋಡಿ ಗೊತ್ತಾಗುತ್ತೆ, ಇಟ್ಕೋಬೇಕಾಗಿದ್ದ ಟೇಪ್ ಅಳಿಸಿಹೋಗಿದ್ದು ಮಾತ್ರ ಅದು ಬೇಕಾದ ದಿನವೇ ಗೊತ್ತಾಗೋದು. ವಾರದ ಐದು ದಿನಕ್ಕೆ ಐದು ಶೆಡ್ಯೂಲ್ ಮಾಡಿ, ದಿನದ ಹೆಸರನ್ನ ಬ್ಯಾಚ್ ಫೈಲಿಗೆ ಪ್ಯಾರಾಮೀಟರ್ ಆಗಿ ಕಳಿಸಿದ್ರೆ ಒಂದೇ ಫೈಲ್ ಎಲ್ಲಕ್ಕೂ ಆಗುತ್ತೆ.

ಸ್ಲಾಶ್ ವಿ ಯೆಸ್ ಹಾಕಿದ್ರೆ ಬರೆದದ್ದನ್ನ ಮತ್ತೆ ಓದಿ ಡಿಸ್ಕ್ ಜೊತೆ ಹೋಲಿಸುತ್ತೆ, ಟೈಮ್ ಜಾಸ್ತಿ ಹಿಡಿಯುತ್ತೆ ನಿಜ, ಆದ್ರೂ ಹಾಕಿ. ಅಷ್ಟರಲ್ಲಿ ಯಾವುದಾದ್ರೂ ಫೈಲ್ ಬದಲಾಗಿದ್ರೆ ವ್ಯತ್ಯಾಸ ಅಂತ ಲಾಗಲ್ಲಿ ಬರುತ್ತೆ, ಅದು ಟೇಪಿನ ದೋಷ ಅಲ್ಲ.

ಇನ್ನೊಂದು ವಿಷಯ, ಬ್ಯಾಕಪ್ ಕಮಾಂಡ್ ಲೈನಿಂದ ಆಗುತ್ತೆ, ರಿಸ್ಟೋರ್ ಆಗಲ್ಲ. ವಾಪಸ್ ತೆಗೆಯೋಕೆ ಪ್ರೋಗ್ರಾಂನ ಕಿಟಕಿ ತೆರೆದು ಮೌಸ್ ಹಿಡೀಲೇಬೇಕು. ಹಾಗಾಗಿ ಟೇಪಿಂದ ಒಂದೆರಡು ಫೈಲನ್ನ ಬೇರೆ ಫೋಲ್ಡರಿಗೆ ಆಗಾಗ ತೆಗೆದು ನೋಡೋ ಕೆಲಸನ ಯಾವ ಬ್ಯಾಚ್ ಫೈಲೂ ನಿಮಗಾಗಿ ಮಾಡಲ್ಲ, ಮನುಷ್ಯರೇ ಕೂತು ಮಾಡ್ಬೇಕು.

ಸರ್ವರ್ 2008ಕ್ಕೆ ಬಂದಾಗ ಮೈಕ್ರೋಸಾಫ್ಟ್ ಎನ್‌ಟಿಬ್ಯಾಕಪ್ ತೆಗೆದುಹಾಕ್ತು, ಅದರ ಜಾಗಕ್ಕೆ ಬಂದ ಡಬ್ಲ್ಯುಬಿಅಡ್ಮಿನ್‌ಗೆ ಟೇಪಿಗೆ ಬರೆಯೋಕೇ ಬರಲ್ಲ. ನಿಮ್ಮ ಆಫೀಸ್ ಬೀರುವಲ್ಲಿ ಆ ಕಾಲದ ಟೇಪ್‌ಗಳು ಇನ್ನೂ ಇದ್ರೆ, ಹೊಂದೋ ಡ್ರೈವ್ ಮತ್ತೆ ಎಕ್ಸ್‌ಪಿ ಅಥವಾ 2003 ಇರೋ ಒಂದು ಮಷಿನ್ ಕೆಲಸ ಮಾಡ್ತಿರೋವಾಗ್ಲೇ ಡೇಟಾನ ಡಿಸ್ಕಿಗೆ ಇಳಿಸ್ಕೊಳ್ಳಿ.