ಉಪ್ಪು ನೀರಿನ ಟ್ಯಾಂಕಿನಲ್ಲಿ ಪಾಚಿ: ವಿಜಯಪುರದ ನೀರು, ಬಿಸಿಲು ಮತ್ತು ಒಂದಿಷ್ಟು ಲೆಕ್ಕ

ಮನೆಯಲ್ಲಿ ಹವಳ, ಮೀನು ಸಾಕುವ ಉಪ್ಪು ನೀರಿನ ಟ್ಯಾಂಕ್ ಇಟ್ಟವರು ಪಾಚಿ ಬಂದ ಕೂಡಲೇ ಅಂಗಡಿಗೆ ಓಡುತ್ತಾರೆ. "ಅಣ್ಣಾರ, ಈ ಔಷಧ ಹಾಕ್ರಿ, ಎರಡ ದಿನದಾಗ ಕ್ಲೀನ್ ಆಗ್ತದ" ಅನ್ನುವ ಮಾತು ಅಲ್ಲಿ ಸಿಗುತ್ತದೆ. ಆದರೆ ವಿಜಯಪುರ, ಬಾಗಲಕೋಟೆ ಕಡೆಯವರು ಔಷಧಕ್ಕಿಂತ ಮೊದಲು ನೋಡಬೇಕಾದದ್ದು ದಿನಾ ಟ್ಯಾಂಕಿಗೆ ಸುರಿಯುವ ನೀರನ್ನು. ನಮ್ಮಲ್ಲಿ ಬಿಸಿಲು ಜಾಸ್ತಿ, ಗಾಳಿ ಒಣ, ಬೋರ್ ನೀರು ಸವಳು. ಮೂರೂ ಸೇರಿ ಪಾಚಿಗೆ ಊಟ ಹಾಕುತ್ತವೆ. ಈ ಟಿಪ್ಪಣಿಯಲ್ಲಿ ಆ ಲೆಕ್ಕವನ್ನೇ ಹೆಚ್ಚು ಬಿಡಿಸಿದ್ದೇನೆ.

ಯಾವ ಪಾಚಿ ಎಂದು ಮೊದಲು ಗುರುತು ಹಿಡಿಯಿರಿ

ಕಾಣುವುದೆಲ್ಲ ಒಂದೇ ಪಾಚಿ ಅಲ್ಲ, ಹಾಗಾಗಿ ಮದ್ದೂ ಒಂದೇ ಅಲ್ಲ. ಹೊಸ ಟ್ಯಾಂಕಿನ ಮರಳು ಮತ್ತು ಗಾಜಿನ ಮೇಲೆ ಕಂದು ಪುಡಿ ಕೂತಿದ್ದರೆ ಅದು ಡಯಾಟಮ್. ಬೆರಳಾಡಿಸಿದರೆ ಸುಲಭವಾಗಿ ಏಳುತ್ತದೆ. ನೀರಿನಲ್ಲಿರುವ ಸಿಲಿಕೇಟ್ ಬಳಸಿ ಬೆಳೆಯುತ್ತದೆ, ಅದು ಮುಗಿದಾಗ ತಾನಾಗಿ ಹೋಗುತ್ತದೆ. ಮೊದಲ ಕೆಲವು ತಿಂಗಳು ಇಂಥವು ಬಂದು ಹೋಗುವುದು ಸಹಜ. ಗಾಬರಿ ಬೇಡ.

ಕೆಂಪು ಅಥವಾ ನೇರಳೆ ಹಾಳೆ ಹಾಸಿದ್ದರೆ ಅದು ಸಯಾನೋ. ನಿಜವಾಗಿ ಅದು ಪಾಚಿಯಲ್ಲ, ಬ್ಯಾಕ್ಟೀರಿಯಾ. ಬೆಳಗ್ಗೆ ತೆಳ್ಳಗಿರುತ್ತದೆ. ಲೈಟ್ ಹಾಕಿ ಮಧ್ಯಾಹ್ನವಾಗುವಷ್ಟರಲ್ಲಿ ಕೆಳಗೆ ಆಮ್ಲಜನಕದ ಗುಳ್ಳೆ ಸೇರಿ ಹಾಳೆ ಅಲ್ಲಲ್ಲಿ ಉಬ್ಬುತ್ತದೆ. ಸೈಫನ್ ಪೈಪಿನ ತುದಿಯನ್ನು ಹತ್ತಿರ ಒಯ್ದರೆ ಇಡೀ ತುಂಡು ಸುಲಿದು ಬರುತ್ತದೆ. ಹಸಿರು ಕೂದಲು ಪಾಚಿ ಹಾಗಲ್ಲ. ಎಳೆದರೆ ಅರ್ಧ ಕೈಗೆ ಬರುತ್ತದೆ, ಬುಡ ಕಲ್ಲಿನಲ್ಲೇ ಉಳಿಯುತ್ತದೆ. ಎಳೆಯನ್ನು ಲೆನ್ಸ್ ಕೆಳಗೆ ಇಟ್ಟಾಗ ಹಕ್ಕಿ ಗರಿಯ ಆಕಾರ ಕಂಡರೆ ಅದು ಬ್ರಯಾಪ್ಸಿಸ್, ಜಾಸ್ತಿ ಹಟಮಾರಿ. ಕಲ್ಲಿನ ಸಂದಿಯಲ್ಲಿ ಹಸಿರು ಮಣಿ ಕಂಡರೆ ವಲೋನಿಯಾ. ಕಂದು ಲೋಳೆ ಎಳೆಎಳೆಯಾಗಿ ತೂಗಾಡುತ್ತ, ತುದಿಯಲ್ಲಿ ಗುಳ್ಳೆ ಹಿಡಿದು, ರಾತ್ರಿ ಕಡಿಮೆಯಾಗಿ ಮರುದಿನ ಲೈಟ್ ಬಿದ್ದಾಗ ಮತ್ತೆ ಬಂದರೆ ಡೈನೋಫ್ಲಾಜೆಲೇಟ್, ಚಿಕ್ಕದಾಗಿ ಡೈನೋ. ಅದರ ಮಾತು ಕೊನೆಗೆ. ಗುಲಾಬಿ ಬಣ್ಣದ ಗಟ್ಟಿ ಪದರ ಕಂಡರೆ ಉಜ್ಜಬೇಡಿ. ಅದು ಕೋರಲೈನ್, ನಮಗೆ ಬೇಕಾದ ಪಾಚಿ.

ಸುರಿಯುವ ನೀರಿನ ಲೆಕ್ಕ

ಟ್ಯಾಂಕಿನ ನೀರು 25–26 ಡಿಗ್ರಿ ಇರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಚಿಲ್ಲರ್ ದುಬಾರಿ, ಹಾಗಾಗಿ ನಾವೆಲ್ಲ ನೀರಿನ ಮೇಲೆ ಫ್ಯಾನ್ ತಿರುಗಿಸುತ್ತೇವೆ. ಒಣ ಗಾಳಿಯಲ್ಲಿ ಫ್ಯಾನ್ ಚೆನ್ನಾಗಿ ಕೆಲಸ ಮಾಡುತ್ತದೆ. 1 ಲೀಟರ್ ನೀರು ಆವಿಯಾಗುವಾಗ ಹೀರಿಕೊಳ್ಳುವ ಶಾಖ, 100 ಲೀಟರ್ ನೀರನ್ನು 5ರಿಂದ 6 ಡಿಗ್ರಿ ತಣಿಸುವಷ್ಟು. ಸುತ್ತಲಿನ ಬಿಸಿ ಮತ್ತೆ ಒಳಗೆ ಬರುತ್ತಲೇ ಇರುವುದರಿಂದ ಅಷ್ಟು ಇಳಿಕೆ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ತೊಂದರೆ ಇಲ್ಲೇ ಇದೆ. ಆವಿಯಾಗಿ ಹೋಗುವುದು ಬರೀ ನೀರು. ಅದರಲ್ಲಿ ಕರಗಿದ್ದೆಲ್ಲ ಟ್ಯಾಂಕಿನಲ್ಲೇ ಉಳಿಯುತ್ತದೆ. 100 ಲೀಟರ್ ಟ್ಯಾಂಕಿನಿಂದ ದಿನಕ್ಕೆ 2 ಲೀಟರ್ ಹೋಗುತ್ತದೆ ಅಂತ ಇಟ್ಟುಕೊಳ್ಳಿ. 30 ದಿನಕ್ಕೆ 60 ಲೀಟರ್. ಅಷ್ಟನ್ನೂ ಬೋರ್ ನೀರಿನಿಂದ ತುಂಬಿಸಿದಿರಿ, ಆ ನೀರಿನಲ್ಲಿ ಲೀಟರಿಗೆ 20 ಮಿಲಿಗ್ರಾಂ ನೈಟ್ರೇಟ್ ಇತ್ತು. ಒಟ್ಟು 1,200 ಮಿಲಿಗ್ರಾಂ ಟ್ಯಾಂಕಿಗೆ ಬಿತ್ತು. ಅಂದರೆ ಒಂದೇ ತಿಂಗಳಲ್ಲಿ ಲೀಟರಿಗೆ 12 ಮಿಲಿಗ್ರಾಂ ಏರಿಕೆ, ಅದೂ ಮೀನಿಗೆ ಒಂದು ಕಾಳು ಹಾಕದೆ! ಹವಳದ ಟ್ಯಾಂಕಿನಲ್ಲಿ ನೈಟ್ರೇಟ್ 2ರಿಂದ 10ರೊಳಗೆ ಇದ್ದರೆ ಸಾಕು.

20 ಅನ್ನುವುದು ಉದಾಹರಣೆಗೆ ಹಿಡಿದ ಅಂಕಿ. ಆದರೆ ಕುಡಿಯುವ ನೀರಿಗೇ ನಮ್ಮ ದೇಶದಲ್ಲಿ 45 ಮಿಲಿಗ್ರಾಂವರೆಗೆ ನೈಟ್ರೇಟ್ ಒಪ್ಪಿತ. ಕುಡಿಯಲು ಯೋಗ್ಯ ನೀರು ಹವಳಕ್ಕೂ ಯೋಗ್ಯ ಅಂತೇನಿಲ್ಲ. ಕಬ್ಬಿನ ಹೊಲದ ಸುತ್ತಮುತ್ತಲಿನ ಬೋರ್ ಆದರೆ ಯೂರಿಯಾದ ಪಾಲು ಕೆಳಗೆ ಇಳಿದಿರಬಹುದು. ಟ್ಯಾಂಕಿಗೆ ಬಳಸುವ ಕಿಟ್ ಹಿಡಿದು ಮನೆಯ ನೀರನ್ನೂ ಒಮ್ಮೆ ಪರೀಕ್ಷಿಸಿ. ಕೃಷ್ಣಾ ನೀರು ಬರುವ ನಳ ಇರಲಿ, ಬೆಳಗಾವಿಯವರ ರಾಕಸಕೊಪ್ಪ ಜಲಾಶಯದ ನೀರೇ ಇರಲಿ, ಅಳೆಯದೆ ನಂಬಬೇಡಿ.

ಇನ್ನು ಅಡುಗೆಮನೆಯ ಆರ್‌ಒ. "ನಮ್ಮನ್ಯಾಗ ಆರ್‌ಒ ಐತ್ರಿ" ಅಂತ ಸುಮ್ಮನಾಗುವವರೇ ಜಾಸ್ತಿ. ಕುಡಿಯುವ ನೀರಿನ ಹಲವು ಯಂತ್ರಗಳಲ್ಲಿ ರುಚಿಗಾಗಿ ಒಂದಿಷ್ಟು ಹಸಿ ನೀರನ್ನು ಮತ್ತೆ ಬೆರೆಸುವ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಅಂಶ) ಕಂಟ್ರೋಲರ್ ಇರುತ್ತದೆ, ಇಲ್ಲವೇ ಖನಿಜ ಸೇರಿಸುವ ಕಾರ್ಟ್ರಿಜ್ ಇರುತ್ತದೆ. ನಾಲಿಗೆಗೆ ಒಳ್ಳೆಯದು, ಟ್ಯಾಂಕಿಗಲ್ಲ. ನಮಗೆ ಬೇಕಾದದ್ದು ಮೆಂಬ್ರೇನ್‌ನಿಂದ ನೇರವಾಗಿ ಬಂದ ನೀರು. ಅದಾದ ಮೇಲೆ, ಉಳಿದ ಲವಣವನ್ನೂ ಹೀರುವ ಇನ್ನೊಂದು ಡಿಐ ರೆಸಿನ್ ಡಬ್ಬಿ ಇರಬೇಕು. ಟಿಡಿಎಸ್ ಮೀಟರ್ 0 ತೋರಿಸಬೇಕು. ರೆಸಿನ್ ಮುಗಿಯುತ್ತ ಬಂದಾಗ ಮೊದಲು ಸೋರುವುದರಲ್ಲಿ ಸಿಲಿಕೇಟ್ ಒಂದು, ಟಿಡಿಎಸ್ ಮೀಟರಿಗೆ ಅದು ಸರಿಯಾಗಿ ಸಿಗುವುದಿಲ್ಲ. ಹಳೇ ಟ್ಯಾಂಕಿನಲ್ಲಿ ಇದ್ದಕ್ಕಿದ್ದಂತೆ ಕಂದು ಪುಡಿ ಕಂಡರೆ ಮೀಟರ್ ಏನೇ ಹೇಳಲಿ, ರೆಸಿನ್ ಬದಲಿಸಿ ನೋಡಿ. ಹೊರಗೆ ಹೋಗುವ ರಿಜೆಕ್ಟ್ ನೀರನ್ನು ನೆಲ ಒರೆಸಲು, ಪಾಯಿಖಾನೆಗೆ ಬಳಸಿ. ನೀರಿಗೆ ಬರ ಇರುವ ಊರಲ್ಲಿ ಚರಂಡಿಗೆ ಬಿಡುವುದು ಸರಿಯಲ್ಲ, ಅಲ್ವಾ.

"ಗೋವಾ ಹತ್ತಿರವೇ ಇದೆಯಲ್ಲ, ಚೋರ್ಲಾ ಘಾಟ್ ಇಳಿದು ಸಮುದ್ರದ ನೀರನ್ನೇ ಕ್ಯಾನಿನಲ್ಲಿ ತಂದರೆ?" ಅಂತ ಬೆಳಗಾವಿ ಗೆಳೆಯರು ಕೇಳುತ್ತಾರೆ. ಮಳೆಗಾಲದಲ್ಲಿ ದಡದ ನೀರಿಗೆ ನದಿ ನೀರು ಬೆರೆತು ಉಪ್ಪು ಇಳಿದಿರುತ್ತದೆ, ಹೊಲ ಮತ್ತು ಊರಿನ ಕೊಳೆ ಸೇರಿರುತ್ತದೆ. ಡಿಐ ನೀರಿಗೆ ಉಪ್ಪಿನ ಮಿಶ್ರಣ ಕಲಸಿ 1.025 ಸಾಂದ್ರತೆಗೆ ತರುವುದೇ ಮೇಲು. ಹವಳದ ಕಲ್ಲಂತೂ ತರಲೇಬೇಡಿ. ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ.

ಆಹಾರದ ಡಬ್ಬಿ

ಫಾಸ್ಫೇಟ್ ಬರುವ ದೊಡ್ಡ ದಾರಿ ಮೀನಿನ ಆಹಾರ. ಡಬ್ಬಿಯ ಮೇಲೆ ರಂಜಕ 1% ಎಂದು ಬರೆದಿದ್ದರೆ, 1 ಗ್ರಾಂ ಕಾಳಿನಲ್ಲಿ 10 ಮಿಲಿಗ್ರಾಂ ರಂಜಕ. ಫಾಸ್ಫೇಟ್ ಲೆಕ್ಕಕ್ಕೆ ತಂದರೆ ಸುಮಾರು 30 ಮಿಲಿಗ್ರಾಂ. ಅಷ್ಟೂ 100 ಲೀಟರಿಗೆ ಸೇರಿದರೆ ಲೀಟರಿಗೆ 0.3. ನಮ್ಮ ಗುರಿ 0.03ರಿಂದ 0.1. ಮೀನಿನ ಮೈಗೆ ಒಂದಿಷ್ಟು ಹೋಗುತ್ತದೆ, ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಒಂದಿಷ್ಟು ಎಳೆಯುತ್ತದೆ, ಉಳಿದದ್ದು ಪಾಚಿಗೆ. ಮನೆಯಲ್ಲಿ ಅಜ್ಜಿ ಒಂದು ಚಿಟಿಕೆ, ಮಗ ಒಂದು ಚಿಟಿಕೆ ಹಾಕುತ್ತಿದ್ದರೆ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ.

"ನೀರು ಬದಲಿಸುತ್ತಲೇ ಇದ್ದೇನೆ, ಆದರೂ ಹೋಗುತ್ತಿಲ್ಲ" ಅನ್ನುವವರು ಗಮನಿಸಿ. 10% ನೀರು ಬದಲಿಸಿದರೆ 10% ಮಾತ್ರ ಇಳಿಯುತ್ತದೆ. 40 ಇದ್ದ ನೈಟ್ರೇಟ್ 36 ಆಗುತ್ತದೆ. ಫಾಸ್ಫೇಟ್ ಅಷ್ಟೂ ಇಳಿಯುವುದಿಲ್ಲ, ಯಾಕೆಂದರೆ ಸುಣ್ಣದ ಕಲ್ಲು ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ನೀರಿನಲ್ಲಿ ಕಡಿಮೆಯಾದಂತೆ ಕಲ್ಲು ಮತ್ತೆ ಬಿಡುತ್ತದೆ. ಫಾಸ್ಫೇಟ್ ಹೀರುವ ಜಿಎಫ್‌ಒ ಎಂಬ ಕಬ್ಬಿಣದ ಆಕ್ಸೈಡ್ ಕಾಳು ಹಾಕಿದ ಮೇಲೂ ಫಾಸ್ಫೇಟ್ ವಾರಗಟ್ಟಲೆ ಹಟ ಹಿಡಿಯುವುದು ಇದಕ್ಕೇ. ಒಮ್ಮೆಲೇ ಜಾಸ್ತಿ ಹಾಕಿದರೆ ಹವಳಕ್ಕೆ ಪೆಟ್ಟು.

ಇನ್ನೊಂದು ಮೋಸ ಇದೆ. ಕಲ್ಲೆಲ್ಲ ಹಸಿರು, ಕಿಟ್ ಮಾತ್ರ ಸೊನ್ನೆ ತೋರಿಸುತ್ತದೆ. ಪೋಷಕಾಂಶ ಇಲ್ಲ ಅಂತಲ್ಲ, ಅಳೆಯುವ ಮೊದಲೇ ಪಾಚಿ ತಿಂದು ಮುಗಿಸಿದೆ.

ಕೈಕೆಲಸ

ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಸೈಫನ್ ಪೈಪಿನ ತುದಿಗೆ ಹಳೇ ಹಲ್ಲುಜ್ಜುವ ಬ್ರಷ್ಷನ್ನು ಎರಡು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ. ಬ್ರಷ್ಷಿನ ಕೂದಲು ಪೈಪಿನ ಬಾಯಿಗಿಂತ ಸ್ವಲ್ಪ ಮುಂದಿರಲಿ. ಪಂಪ್ ನಿಲ್ಲಿಸಿ, ಉಜ್ಜಿದ್ದು ಉಜ್ಜಿದಂತೆಯೇ ಬಕೆಟ್ಟಿಗೆ ಹೋಗಬೇಕು. ಟ್ಯಾಂಕಿನಲ್ಲಿ ತೇಲಿದ ಚೂರು ಇನ್ನೊಂದು ಕಲ್ಲಿನ ಮೇಲೆ ಕೂತು ಮತ್ತೆ ಚಿಗುರುತ್ತದೆ. ಸಣ್ಣ ಕಲ್ಲಾದರೆ ಹೊರಗೆ ತೆಗೆದು ಟ್ಯಾಂಕಿನದೇ ನೀರಿನ ಬಕೆಟ್ಟಿನಲ್ಲಿ ಉಜ್ಜಿ. ವಲೋನಿಯಾ ಮಣಿಯನ್ನು ಒಡೆಯದೆ, ಚಪ್ಪಟೆ ಸ್ಕ್ರೂಡ್ರೈವರಿನಿಂದ ಬುಡದಿಂದ ಎಬ್ಬಿಸಿ. ಹೀಗೆ ಹೊರಗೆ ಹೋದ ಪ್ರತಿ ಹಿಡಿ ಪಾಚಿಯ ಜೊತೆ ಅದು ತಿಂದ ನೈಟ್ರೇಟ್, ಫಾಸ್ಫೇಟ್ ಕೂಡ ಹೊರಗೆ ಹೋಯಿತು.

ಬಸವನಹುಳು ಬಿಡುವುದು ಆಮೇಲೆ. ಅವು ಗಾಜಿನ ಪದರ, ಗಿಡ್ಡ ಚಿಗುರು ಮೇಯುತ್ತವೆ. ಉದ್ದ ಕೂದಲಿಗೆ ಹೆಚ್ಚಿನವು ಬಾಯಿ ಹಾಕುವುದಿಲ್ಲ. ಟ್ಯಾಂಗ್ ಮೀನು ಚೆನ್ನಾಗಿ ಮೇಯುತ್ತದೆ, ಆದರೆ 100 ಲೀಟರಿನಲ್ಲಿ ಅದನ್ನಿಡುವುದು ಹಿಂಸೆ. ಸಂಪಿನಲ್ಲಿ (ಟ್ಯಾಂಕಿಗೆ ಜೋಡಿಸಿದ ಫಿಲ್ಟರ್ ತೊಟ್ಟಿ) ಜಾಗ ಇದ್ದರೆ ಕೀಟೋಮಾರ್ಫಾ ಎಂಬ ಪಾಚಿಯನ್ನೇ ಬೆಳೆಸಿ, ಅದರ ಲೈಟನ್ನು ರಾತ್ರಿ ಉರಿಸಿ. ಪೋಷಕಾಂಶವನ್ನೂ ಎಳೆಯುತ್ತದೆ, ರಾತ್ರಿ ಪಿಎಚ್ ಕುಸಿಯುವುದನ್ನೂ ತಡೆಯುತ್ತದೆ. ಮುಖ್ಯ ಟ್ಯಾಂಕಿನ ಲೈಟ್ ದಿನಕ್ಕೆ 8 ತಾಸು ಸಾಕು. ಅದರಲ್ಲಿ ಬಿಳಿ, ಕೆಂಪು ಬೆಳಕನ್ನು ಕಡಿಮೆ ಮಾಡಿ. ಟ್ಯಾಂಕ್ ಪಶ್ಚಿಮದ ಕಿಟಕಿಗೆ ಎದುರಾಗಿದ್ದರೆ ಪರದೆ ಹಾಕಿ.

ಡೈನೋ ಮತ್ತು ಬ್ರಯಾಪ್ಸಿಸ್

ಇಲ್ಲಿಯವರೆಗೆ ಹೇಳಿದ್ದು ಡೈನೋಗೆ ತಿರುಗುಮುರುಗು. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗೆ ಇಳಿದು, ಎದುರಾಳಿ ಜೀವಿಗಳು ಸೊರಗಿದಾಗ ಇದು ಹಬ್ಬುತ್ತದೆ. ಅನುಮಾನ ಇದ್ದರೆ ಲೋಳೆಯನ್ನು ಟ್ಯಾಂಕಿನ ನೀರಿನ ಬಾಟಲಿಯಲ್ಲಿ ಜೋರಾಗಿ ಅಲ್ಲಾಡಿಸಿ, ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ, ತಿಳಿ ನೀರನ್ನು ಬೆಳಕಿನಲ್ಲಿಡಿ. ಒಂದೆರಡು ತಾಸಿನಲ್ಲಿ ಮತ್ತೆ ಎಳೆ ಕಟ್ಟಿದರೆ ಡೈನೋ ಆಗಿರುವ ಸಾಧ್ಯತೆ ಜಾಸ್ತಿ. ಪರಿಚಯದ ಕಾಲೇಜು ಲ್ಯಾಬಿನಲ್ಲಿ 400 ಪಟ್ಟು ಮೈಕ್ರೋಸ್ಕೋಪ್ ಸಿಕ್ಕರೆ ಜಾತಿಯೂ ತಿಳಿಯುತ್ತದೆ. ಆಸ್ಟ್ರಿಯೋಪ್ಸಿಸ್ ಆದರೆ ರಾತ್ರಿ ಕಲ್ಲು ಬಿಟ್ಟು ನೀರಿಗೆ ಬರುತ್ತದೆ, ಆಗ ಯುವಿ ದೀಪಕ್ಕೆ ಸಿಗುತ್ತದೆ. ಅದು ವಿಷಕಾರಿ. ತಿಂದ ಬಸವನಹುಳು ಸಾಯುತ್ತವೆ, ಉಜ್ಜುವಾಗ ನೀವೂ ಕೈಗವಸು ಹಾಕಿ. ಆಂಫಿಡೀನಿಯಮ್ ಮರಳು ಬಿಟ್ಟು ಮೇಲೇಳುವುದಿಲ್ಲ, ಅದಕ್ಕೆ ಯುವಿ ಹಾಕಿ ಪ್ರಯೋಜನವಿಲ್ಲ. ಎರಡಕ್ಕೂ ನೈಟ್ರೇಟನ್ನು 5–10ರ ಮಟ್ಟಕ್ಕೆ, ಫಾಸ್ಫೇಟ್ 0.1ರ ಹತ್ತಿರಕ್ಕೆ ಏರಿಸಬೇಕು. ನೀರು ಬದಲಾವಣೆ ಕೆಲ ದಿನ ನಿಲ್ಲಲಿ.

ಬ್ರಯಾಪ್ಸಿಸ್ ಮಾತ್ರ ಕೈಗೂ ಹಸಿವಿಗೂ ಬಗ್ಗುವುದಿಲ್ಲ. ಇಲ್ಲಿ ಮಾತ್ರ ನಾನು ಔಷಧಕ್ಕೆ ಹೂಂ ಅನ್ನುತ್ತೇನೆ. ಹವ್ಯಾಸಿಗಳು ಬಳಸುವುದು ಫ್ಲುಕೋನಜೋಲ್, ಲೀಟರಿಗೆ ಸುಮಾರು 5 ಮಿಲಿಗ್ರಾಂ. ನೀರಿನ ನಿಜವಾದ ಪ್ರಮಾಣ ಲೆಕ್ಕ ಹಾಕಿ: ಕಲ್ಲು, ಮರಳು ಕಳೆದರೆ 100 ಲೀಟರ್ ಗಾಜಿನಲ್ಲಿ 100 ಲೀಟರ್ ನೀರಿರುವುದಿಲ್ಲ. ಫಿಲ್ಟರಿನ ಕಾರ್ಬನ್ (ಇದ್ದಿಲು) ತೆಗೆದಿಡಿ, ಸ್ಕಿಮ್ಮರ್ ಕಪ್ ತೆಗೆದು ಗಾಳಿ ಮಾತ್ರ ಆಡಲು ಬಿಡಿ. ಪಾಚಿ ಬಿಳಿಚಲು ವಾರವೋ ಎರಡೋ ಹಿಡಿಯುತ್ತದೆ. ಸತ್ತದ್ದು ಕೊಳೆಯುವಾಗ ತಿಂದದ್ದನ್ನೆಲ್ಲ ನೀರಿಗೆ ವಾಪಸ್ ಬಿಡುತ್ತದೆ, ಹಾಗಾಗಿ ಬಿಳಿಚಿದ ಎಳೆಗಳನ್ನು ಆಗಾಗ ಸೈಫನ್ ಮಾಡಿ ತೆಗೆಯುತ್ತಿರಿ. ಪೂರ್ತಿ ಹೋದ ಮೇಲೆ ದೊಡ್ಡದೊಂದು ನೀರು ಬದಲಾವಣೆ ಮಾಡಿ, ಕಾರ್ಬನ್ ಮರಳಿ ಹಾಕಿ.